‘ಮನೆಯವರ ಹಾಗೇ ನೋಡಿಕೊಂಡರು’: ಈ ಮಾತು ಎಷ್ಟು ನಿಜ?

ಪ್ರಶ್ನೆ: ನಾನು ಮಂಡ್ಯ ಕಡೆಯವಳು. ಆರು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಬಿಡುವಿರುತ್ತದೆ ಅಂತ ಹತ್ತಿರದ ಒಂದು ಹಳೆಯ ಶ್ರೀಮಂತರ ಬಂಗಲೆಯಲ್ಲಿ ವಾರಕ್ಕೆ ಎರಡು ದಿನ ಸ್ವಯಂಸೇವಕಿಯಾಗಿ ಸೇರಿದ್ದೇನೆ. ನೋಡಲು ಬಂದವರಿಗೆ ಕೆಳಗಿನ ಅಡುಗೆಮನೆ, ಆಳುಗಳ ಊಟದ ಹಾಲ್, ಗಂಟೆಗಳ ಹಲಗೆ ತೋರಿಸುವುದು ನನ್ನ ಕೆಲಸ. ನಮಗೆ ಕೊಟ್ಟಿರುವ ಟಿಪ್ಪಣಿಯಲ್ಲಿ ‘ಇಲ್ಲಿ ಕೆಲಸದವರನ್ನು ಮನೆಯವರ ಹಾಗೇ ನೋಡಿಕೊಳ್ಳುತ್ತಿದ್ದರು’ ಅಂತಿದೆ. ಟೀವಿ ಧಾರಾವಾಹಿಗಳಲ್ಲೂ ಹಾಗೇ ತೋರಿಸುತ್ತಾರೆ. ಮೊನ್ನೆ ಒಬ್ಬ ಅಜ್ಜಿ ಬಂದಿದ್ದರು. ಅವರ ಅಮ್ಮ ಹದಿನಾಲ್ಕನೇ ವಯಸ್ಸಿಗೆ ಇಂಥದೇ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದರಂತೆ. ನನ್ನ ಮಾತು ಕೇಳಿ, ‘ಅದು ಗುಲಾಮಗಿರಿ ಕಣಮ್ಮಾ, ಸುಮ್ನೆ ಬಣ್ಣ ಹಚ್ಚಬೇಡ’ ಅನ್ನೋ ಅರ್ಥದಲ್ಲಿ ಮಾತಾಡಿ ಹೊರಟುಹೋದರು. ಅವತ್ತಿನಿಂದ ಬಾಯಿ ತೆರೆಯಲು ಹಿಂಜರಿಕೆ. ಯಾವುದು ನಿಜ? ಯಜಮಾನರು ಎದುರಾದರೆ ಆಳುಗಳು ಗೋಡೆ ಕಡೆ ತಿರುಗಬೇಕಿತ್ತಾ? ಇನ್ನೊಂದು ವಿಷಯ. ಶ್ರೀರಂಗಪಟ್ಟಣದಿಂದ ಬಂದ ಟಿಪ್ಪುವಿನ ವಸ್ತುಗಳು ಇಂಥ ಮನೆಯೊಂದರಲ್ಲಿವೆ ಅಂತ ಕೇಳಿದೆ. ಅಂಥದ್ದನ್ನೆಲ್ಲ ನಾನು ಹೇಳಬೇಕಾ, ಬೇಡವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಟಿಪ್ಪಣಿ ಪ್ರೀತಿ ಅನ್ನುತ್ತದೆ, ಅಜ್ಜಿ ಗುಲಾಮಗಿರಿ ಅನ್ನುತ್ತಾರೆ, ನಡುವೆ ನಿಂತು ಮಾತಾಡಬೇಕಾದವರು ನೀವು. ಕಷ್ಟವೇ. ಇಂಥ ಮನೆಗಳ ಸಂಬಳದ ಪುಸ್ತಕ, ಪತ್ರ, ಡೈರಿ ಓದುವುದನ್ನೇ ಕಸುಬು ಮಾಡಿಕೊಂಡು ನಾನು ಇಪ್ಪತ್ತು ವರ್ಷ ಕಳೆದಿದ್ದೇನೆ. ನಿಮ್ಮ ಟಿಪ್ಪಣಿ ಪೂರ್ತಿ ಸುಳ್ಳಲ್ಲ. ಅಜ್ಜಿಯ ಸಿಟ್ಟಂತೂ ನೂರಕ್ಕೆ ನೂರು ನಿಜ, ಅವರು ಬಳಸಿದ ಪದ ಮಾತ್ರ ಸರಿ ಕೂರುವುದಿಲ್ಲ. ಪ್ರೀತಿ ಇತ್ತಾ ಇಲ್ಲವಾ ಅಂತ ಹುಡುಕುವ ಮೊದಲು ನಾನು ಯಾವಾಗಲೂ ಕೇಳಿಕೊಳ್ಳುವ ಪ್ರಶ್ನೆ ಬೇರೆ: ಆ ಹುಡುಗಿ ನಾಳೆ ಬೆಳಿಗ್ಗೆ ಕೆಲಸ ಬಿಟ್ಟು ಹೊರಟರೆ ಅವಳ ಕೈಯಲ್ಲಿ ಏನಿರುತ್ತಿತ್ತು?

ಒಂದು ಮನೆಯ ಕಥೆ ಹೇಳುತ್ತೇನೆ. ವೇಲ್ಸ್‌ನ ರೆಕ್ಸಂ ಊರಿನ ಹತ್ತಿರ ಎರ್ದಿಗ್ ಅನ್ನೋ ಮನೆ ಇದೆ. ಯಾರ್ಕ್ ಮನೆತನದ್ದು. ‘ಮನೆಯವರ ಹಾಗೇ’ ಅನ್ನೋ ಮಾತಿಗೆ ಎಲ್ಲರೂ ಇದೇ ಮನೆಯನ್ನು ತೋರಿಸುತ್ತಾರೆ. ಕಾರಣ ಇದೆ. 1790ರ ದಶಕದಲ್ಲಿ ಯಜಮಾನ ಫಿಲಿಪ್ ಯಾರ್ಕ್ ತನ್ನ ಆಳುಗಳ ಚಿತ್ರ ಬರೆಸಿ ಗೋಡೆಗೆ ಹಾಕಿಸಿದ. ಪ್ರತಿ ಚಿತ್ರಕ್ಕೂ ತಾನೇ ಪದ್ಯ ಕಟ್ಟಿದ. ಅದರಲ್ಲಿ ಜೇನ್ ಎಬ್ರೆಲ್ ಅನ್ನೋ ಮುದುಕಿಯ ಚಿತ್ರ ಇದೆ. 1793ರದ್ದು. ಆಗ ಅವಳಿಗೆ 87 ವರ್ಷ. ಜೇಡರ ಬಲೆ ಹೊಡೆಯುವುದು ಅವಳ ಕೆಲಸವಾಗಿತ್ತು. ಕೈಯಲ್ಲಿ ಪೊರಕೆ ಹಿಡಿದು ಕೂತಿದ್ದಾಳೆ. ಆ ಕಾಲದಲ್ಲಿ ಎಣ್ಣೆಚಿತ್ರಕ್ಕೆ ಕೂರುವವರು ಲಾರ್ಡುಗಳು, ಲೇಡಿಗಳು. ಕಸ ಗುಡಿಸುವ ಹೆಂಗಸನ್ನು ಹಾಗೆ ಕೂರಿಸಿದ್ದು ಸಣ್ಣ ಮಾತಲ್ಲ. 1852ರಿಂದ ಈಚೆಗೆ ಅದೇ ಮನೆಯವರು ಆಳುಗಳ ಫೋಟೋ ತೆಗೆಸುವ ರೂಢಿಯನ್ನೂ ಇಟ್ಟುಕೊಂಡರು. ಒಬ್ಬೊಬ್ಬರೂ ಅವರವರ ಕೆಲಸದ ಸಾಮಾನು ಹಿಡಿದು ನಿಂತಿರುತ್ತಾರೆ.

ಇದೇ ಎರ್ದಿಗ್‌ನಲ್ಲಿ 1907ರಲ್ಲಿ ನಡೆದದ್ದನ್ನೂ ಕೇಳಿ. ಎಲೆನ್ ಪೆಂಕೆತ್ ಅಡುಗೆಯನ್ನೂ ನೋಡಿಕೊಂಡು ಮನೆವಾರ್ತೆಯನ್ನೂ ನಡೆಸುತ್ತಿದ್ದವಳು. ಅಂಗಡಿಗಳ ಬಾಕಿ ತೀರಿಸಲು ಕೊಟ್ಟ ದುಡ್ಡಿನಲ್ಲಿ 500 ಪೌಂಡ್ ಕದ್ದಳು ಅಂತ ಯಜಮಾನಿ ಲೂಯಿಸಾ ಯಾರ್ಕ್ ಅವಳ ಮೇಲೆ ಕೇಸು ಹಾಕಿಸಿದರು. ಕೋರ್ಟಿನಲ್ಲಿ ವಿಚಾರಣೆ ಆಯಿತು. ಜ್ಯೂರಿ ಅವಳನ್ನು ನಿರ್ದೋಷಿ ಅಂತ ಬಿಟ್ಟಿತು. ಯಜಮಾನಿಯ ಪಾಲಿಗೆ ಮಾತ್ರ ಅವಳು ಕೊನೆಯವರೆಗೂ ‘ಕಳ್ಳಿ’ಯಾಗಿಯೇ ಉಳಿದಳು.

ಮನೆ ಒಂದೇ, ಗೋಡೆ ಒಂದೇ. ಚಿತ್ರ ಬರೆಸಿದ ಪ್ರೀತಿ ನಿಜ, ಕೋರ್ಟಿಗೆ ಎಳೆದದ್ದೂ ನಿಜ. ಎರಡೂ ಕಡೆ ಕೈ ಮೇಲಾಗಿದ್ದದ್ದು ಯಾರದು ಅಂತ ನೋಡಿ. ಜೇನ್ ಎಬ್ರೆಲ್ ಬಗ್ಗೆ ಪದ್ಯ ಬರೆದವನು ಯಜಮಾನ. ಯಜಮಾನನ ಬಗ್ಗೆ ಜೇನ್ ಎಬ್ರೆಲ್ ಏನು ಅಂದುಕೊಂಡಿದ್ದಳೋ, ಅದನ್ನು ಯಾರೂ ಬರೆದಿಡಲಿಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಕೆಲಸ ಬಿಟ್ಟರೆ ಕೈಯಲ್ಲಿ ಏನಿರುತ್ತಿತ್ತು? ಒಂದು ಹಾಳೆ. ಅದಕ್ಕೆ ‘ಕ್ಯಾರೆಕ್ಟರ್’ ಅಂತಲೇ ಹೆಸರು. ನಮ್ಮ ಮಾತಿನಲ್ಲಿ ನಡತೆ ಪತ್ರ. ಹುಡುಗಿ ಪ್ರಾಮಾಣಿಕಳು, ಬೇಗ ಏಳುತ್ತಾಳೆ, ಕುಡಿಯುವುದಿಲ್ಲ, ಗಂಡಸರ ಸಹವಾಸ ಇಲ್ಲ ಅಂತ ಹಳೆಯ ಯಜಮಾನಿ ಹೊಸ ಯಜಮಾನಿಗೆ ಬರೆಯುವ ಕಾಗದ. ಇದು ಇಲ್ಲದಿದ್ದರೆ ಮರ್ಯಾದಸ್ಥ ಮನೆಗಳಲ್ಲಿ ಬಾಗಿಲು ಮುಚ್ಚಿದ ಹಾಗೇ. ಇದನ್ನು ಕೊಡಲೇಬೇಕು ಅಂತ ಯಜಮಾನರ ಮೇಲೆ ಕಾನೂನಿನ ಒತ್ತಾಯ ಇರಲಿಲ್ಲ. ಆದರೆ 1792ರ ಒಂದು ಕಾಯಿದೆ, ಸುಳ್ಳು ಕ್ಯಾರೆಕ್ಟರ್ ತೋರಿಸಿದವರಿಗೆ ಶಿಕ್ಷೆ ಇಟ್ಟಿತ್ತು. ಹತ್ತು ವರ್ಷ ದುಡಿದಿದ್ದರೂ ಒಂದು ದಿನದ ಮುನಿಸಿಗೆ ಆ ಹಾಳೆ ಸಿಗದೇ ಹೋಗಬಹುದಿತ್ತು. ಒಂದು ಹಾಳೆಯ ಕೈಯಲ್ಲಿ ಬದುಕು.

ಅಜ್ಜಿ ಹೇಳಿದ ಪದ ಯಾಕೆ ಪೂರ್ತಿ ಸರಿಯಲ್ಲ ಅನ್ನುತ್ತೇನೆ ಅಂದರೆ, ಅವರ ಅಮ್ಮ ಒಂದು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದಿತ್ತು. ಸಾವಿರಾರು ಹುಡುಗಿಯರು ಹಾಗೇ ಹೊರಟರು. ‘ಹುಟ್ಟಿದ್ದೂ ಇಲ್ಲೇ, ಸತ್ತಿದ್ದೂ ಇಲ್ಲೇ’ ಅನ್ನೋ ನಿಷ್ಠಾವಂತ ಆಳಿನ ಚಿತ್ರ ಇದೆಯಲ್ಲ, ಸಂಬಳದ ಪುಸ್ತಕ ತೆರೆದರೆ ಅದು ನಿಲ್ಲುವುದಿಲ್ಲ. ಹೆಚ್ಚಿನ ಹುಡುಗಿಯರು ಒಂದು ಮನೆಯಲ್ಲಿ ಎರಡು ಮೂರು ವರ್ಷಕ್ಕಿಂತ ಜಾಸ್ತಿ ಇರುತ್ತಿರಲಿಲ್ಲ. ಒಂದು ಮನೆಯಲ್ಲಿ ಮೂರನೇ ದರ್ಜೆಯ ಹೌಸ್‌ಮೇಡ್, ಅಂದರೆ ಕೋಣೆ ಗುಡಿಸಿ ಒರೆಸುವವಳು, ಆಗಿದ್ದವಳು ಎರಡನೆಯವಳಾಗಲು ಬೇರೆ ಮನೆಗೆ ಹೋಗುತ್ತಿದ್ದಳು. ಮೇಲೆ ಹತ್ತಲು ಮನೆ ಬದಲಿಸುವುದೇ ದಾರಿ. ಇದನ್ನು ನಿಮ್ಮ ಜನರಿಗೆ ಖಂಡಿತ ಹೇಳಿ. ಆ ಹುಡುಗಿಯರು ಲೆಕ್ಕ ಬಲ್ಲವರು. ಯಾವ ಮನೆಯಲ್ಲಿ ಊಟ ಚೆನ್ನಾಗಿದೆ, ಹೆಣ್ಣಾಳುಗಳ ಮೇಲ್ವಿಚಾರಕಿಯಾದ ಹೌಸ್‌ಕೀಪರ್ ಯಾವ ಮನೆಯಲ್ಲಿ ಬಾಯಿ ಕೆಟ್ಟವಳು ಅನ್ನೋ ಸುದ್ದಿ ಅವರವರಲ್ಲೇ ಓಡಾಡುತ್ತಿತ್ತು.

ಗುಲಾಮರು ಅಂತ ನಿಜವಾಗಿ ಕರೆಯಬೇಕಾದವರು ಬೇರೆ ಇದ್ದರು. 18ನೇ ಶತಮಾನದಲ್ಲಿ ಕಪ್ಪು ಹುಡುಗರನ್ನು ತಂದು ಜರಿಯಂಗಿ ತೊಡಿಸಿ ಬಂಡಿಯ ಹಿಂದೆ ನಿಲ್ಲಿಸುವುದು ಶ್ರೀಮಂತರಿಗೆ ಒಂದು ಶೋಕಿ. ಎರ್ದಿಗ್‌ನ ಚಿತ್ರಗಳಲ್ಲೂ ಅಂಥ ಒಬ್ಬ ಹುಡುಗ ಇದ್ದಾನೆ, ಕೈಯಲ್ಲಿ ಕಹಳೆ ಹಿಡಿದು. ಅವನ ಬಗ್ಗೆ ಗೊತ್ತಿರುವುದು ಬಹಳ ಕಡಿಮೆ ಅಂತ ಪಕ್ಕದ ಪದ್ಯವೇ ಒಪ್ಪಿಕೊಳ್ಳುತ್ತದೆ. ಆ ಪದ ಅಂಥವರಿಗೆ ಮೀಸಲಿರಲಿ ಅಂತ ನನ್ನ ಆಸೆ.

ಹಾಗಂತ ಅಜ್ಜಿಯ ಅಮ್ಮನ ಕಷ್ಟ ಸಣ್ಣದಲ್ಲ. ಪಾತ್ರೆ ತಿಕ್ಕುವ ಸ್ಕಲರಿ ಮೇಡ್ ಅಂದರೆ ಏಣಿಯ ಕೆಳಗಿನ ಮೆಟ್ಟಿಲು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಒಲೆಯ ಬೂದಿ ತೆಗೆಯಬೇಕು. ರಾತ್ರಿ ಎಲ್ಲರ ಊಟ ಆದ ಮೇಲೂ ತಾಮ್ರದ ಪಾತ್ರೆಗಳ ಸಾಲು ಕಾಯುತ್ತಿರುತ್ತದೆ. ನಾವು ಹುಣಸೆಹಣ್ಣು ಹಾಕಿ ತಾಮ್ರ ಬೆಳಗುವ ಹಾಗೆ ಅವರು ವಿನಿಗರ್, ಉಪ್ಪು, ಮರಳು ಬೆರೆಸಿ ಉಜ್ಜುತ್ತಿದ್ದರು. ಜಿಡ್ಡು ಹೋಗಲು ಬಿಸಿನೀರಿಗೆ ಸೋಡಾ. ಚಳಿಗಾಲದಲ್ಲಿ ಆ ಸೋಡಾ ನೀರು ಬೆರಳ ಸಂದಿನ ಚರ್ಮ ಸೀಳಿಬಿಡುತ್ತದೆ. 1900ರ ಆಸುಪಾಸಿನಲ್ಲಿ ಇದಕ್ಕೆ ಸಿಗುತ್ತಿದ್ದದ್ದು ಊಟ, ಮಲಗಲು ಜಾಗ, ವರ್ಷಕ್ಕೆ ಸುಮಾರು 12 ಪೌಂಡ್. ಅದೇ ಮನೆಯ ಗಂಡಾಳುಗಳ ಮುಖ್ಯಸ್ಥ, ಬಟ್ಲರ್, ಅದರ ಐದಾರು ಪಟ್ಟು ಎಣಿಸುತ್ತಿದ್ದ.

ನೀರಿನ ಕೆಲಸ ಇನ್ನೊಂದು. ಒಮ್ಮೆ ಒಂದು ಮನೆಯಲ್ಲಿ ನಾನೇ ಹಿಂಬದಿಯ ಮೆಟ್ಟಿಲನ್ನು ಒಂದು ಹಳೆಯ ತಾಮ್ರದ ಕ್ಯಾನ್ ಹಿಡಿದು ಹತ್ತಿದೆ. ನೀರು ತುಂಬಿದರೆ ಹತ್ತು ಕಿಲೋಗೂ ಮೇಲೆ. ಮೆಟ್ಟಿಲು ಕಡಿದು, ಇಕ್ಕಟ್ಟು, ತಿರುವಿನಲ್ಲಿ ಕತ್ತಲೆ. ಮೆಟ್ಟಿಲಿನ ನಡುಭಾಗ ಒರಳಿನ ಹಾಗೆ ಸವೆದಿತ್ತು. ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಖಾಲಿ ಕ್ಯಾನೇ ಭಾರ ಅನ್ನಿಸಿತು. ಒಬ್ಬ ಅತಿಥಿಯ ಸ್ನಾನದ ತೊಟ್ಟಿಗೆ ಇಂಥ ಎಷ್ಟೋ ಕ್ಯಾನ್ ಬಿಸಿನೀರು ಮೇಲೆ ಹೋಗಬೇಕು. ಸ್ನಾನ ಆದ ಮೇಲೆ ಅಷ್ಟೂ ಕೊಳೆನೀರು ಕೆಳಗೆ ಬರಬೇಕು. ವಾರದ ಕೊನೆಗೆ ಇಪ್ಪತ್ತು ಅತಿಥಿಗಳು ಬಂದರೆ ನೀವೇ ಲೆಕ್ಕ ಹಾಕಿ.

ಅಷ್ಟು ದುಡ್ಡಿದ್ದವರು ಪೈಪು ಹಾಕಿಸಬಾರದಿತ್ತಾ ಅಂತ ಜನ ಕೇಳುತ್ತಾರೆ, ನಿಮ್ಮನ್ನೂ ಕೇಳಿಯೇ ಕೇಳುತ್ತಾರೆ. ಹಾಕಿಸಿದವರಿದ್ದಾರೆ. ನಾರ್ಥಂಬರ್ಲೆಂಡಿನ ಕ್ರ್ಯಾಗ್‌ಸೈಡ್‌ನಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ 1878ರಲ್ಲೇ ನೀರಿನಿಂದ ಕರೆಂಟು ತೆಗೆದ, 1880ರಲ್ಲಿ ಬಲ್ಬು ಹಾಕಿಸಿದ. ನೀರಿನ ಒತ್ತಡದಿಂದ ಓಡುವ ಲಿಫ್ಟೂ ಇತ್ತು. ಆತ ಎಂಜಿನಿಯರು, ಫಿರಂಗಿ ಮಾಡಿ ಮಾರಿ ದುಡ್ಡು ಮಾಡಿದವನು. ಹಳೆಯ ಮನೆತನದವರಿಗೆ ಆ ಅವಸರ ಇರಲಿಲ್ಲ. ಡರ್ಬಿಶೈರಿನ ಕಾಕ್ ಅಬ್ಬಿಗೆ ಕರೆಂಟು ಬಂದದ್ದು 1962ರಲ್ಲಿ! ಹುಡುಗಿಯ ತೋಳು ಪೈಪಿಗಿಂತ ಅಗ್ಗಕ್ಕೆ ಸಿಗುತ್ತಿದ್ದಷ್ಟು ದಿನ ಪೈಪು ಯಾರಿಗೆ ಬೇಕಿತ್ತು, ಅಲ್ವಾ?

ಗಂಡಾಳುಗಳ ಲೆಕ್ಕ ಬೇರೆ. 1777ರಲ್ಲಿ ಅಮೆರಿಕದ ಯುದ್ಧದ ಖರ್ಚಿಗಾಗಿ ಒಬ್ಬ ಗಂಡಾಳಿಗೆ ವರ್ಷಕ್ಕೆ ಒಂದು ಗಿನಿ (ಒಂದು ಪೌಂಡಿಗಿಂತ ತುಸು ಹೆಚ್ಚು) ತೆರಿಗೆ ಹಾಕಿದರು. ಆ ತೆರಿಗೆ 1937ರವರೆಗೂ ಉಳಿದಿತ್ತು. ಹೀಗಾಗಿ ಗಂಡಾಳು ಇಟ್ಟುಕೊಳ್ಳುವುದೇ ಒಂದು ಅಂತಸ್ತು. ಊಟ ಬಡಿಸುವ, ಬಾಗಿಲು ಕಾಯುವ ಸಮವಸ್ತ್ರದ ಫುಟ್‌ಮನ್‌ಗಳು ಎತ್ತರ ಇದ್ದಷ್ಟೂ ಸಂಬಳ ಹೆಚ್ಚು. ಜೋಡಿ ಎತ್ತಿನ ಹಾಗೆ ಸರಿಸಮ ಎತ್ತರದವರನ್ನು ಹುಡುಕಿ ತರುತ್ತಿದ್ದರು. ಕೆಲವು ಮನೆಗಳಲ್ಲಿ ಯಾರೇ ಬರಲಿ, ಮೊದಲ ಫುಟ್‌ಮನ್ ಅಂದರೆ ‘ಜಾನ್’, ಎರಡನೆಯವನು ‘ಜೇಮ್ಸ್’. ಅಪ್ಪ ಅಮ್ಮ ಇಟ್ಟ ಹೆಸರು ಗೇಟಿನ ಹೊರಗೇ.

ಗೋಡೆ ಕಡೆ ತಿರುಗುವ ಮಾತಿಗೆ ಬರೋಣ. ಇದು ಎಲ್ಲ ಮನೆಗಳ ನಿಯಮ ಆಗಿರಲಿಲ್ಲ. ಕೆಲವು ಮನೆಗಳಲ್ಲಿ ಇತ್ತು. ನಿಮ್ಮ ಮನೆಯಲ್ಲಿ ಇತ್ತು ಅನ್ನೋದಕ್ಕೆ ಕಾಗದ ಪತ್ರ ಇಲ್ಲದಿದ್ದರೆ ಹೇಳಬೇಡಿ. ಅದರ ಬದಲು ಗೋಡೆಯನ್ನೇ ತೋರಿಸಿ. ಆಳು ಕಣ್ಣಿಗೆ ಬೀಳಬಾರದು ಅನ್ನೋ ಆಸೆ ಕಲ್ಲು ಗಾರೆಯಲ್ಲೇ ಕಟ್ಟಿಕೊಂಡಿದೆ. ಹಳೆಯ ಕಾಲದಲ್ಲಿ ಯಜಮಾನ, ಆಳು ಒಂದೇ ದೊಡ್ಡ ಹಾಲಿನಲ್ಲಿ ಉಣ್ಣುತ್ತಿದ್ದರು, ಆಳು ಬಾಗಿಲ ಹೊರಗೇ ಮಲಗುತ್ತಿದ್ದ. 17ನೇ ಶತಮಾನದ ನಡುವಿನಲ್ಲಿ ರೋಜರ್ ಪ್ರ್ಯಾಟ್ ಅನ್ನೋ ವಾಸ್ತುಶಿಲ್ಪಿ ಕೋಲ್ಸ್‌ಹಿಲ್ ಮನೆಗೆ ಹಿಂಬದಿಯ ಮೆಟ್ಟಿಲು ಇಟ್ಟ. ಶೌಚದ ಮಡಕೆ ಹೊತ್ತ ಆಳು, ರೇಷ್ಮೆ ಉಟ್ಟ ಅತಿಥಿಗೆ ಎದುರಾಗಬಾರದಲ್ಲ. ಆಮೇಲೆ 18ನೇ ಶತಮಾನದ ಕೊನೆಯ ಹೊತ್ತಿಗೆ, ಮೇಲಿನ ಕೋಣೆಯಲ್ಲಿ ಎಳೆದರೆ ಕೆಳಗೆ ಬಾರಿಸುವ ತಂತಿಯ ಗಂಟೆ ಬಂತು. ಕೂಗಳತೆಯಲ್ಲಿ ಕಾಯುತ್ತಿದ್ದ ಆಳನ್ನು ನೆಲಮಾಳಿಗೆಗೆ ಕಳಿಸಲು ಆಗ ಸಾಧ್ಯವಾಯಿತು. ಸಸೆಕ್ಸಿನ ಪೆಟ್‌ವರ್ತ್‌ನಲ್ಲಿ ಅಡುಗೆಮನೆಯೇ ಬೇರೆ ಕಟ್ಟಡ, ಊಟ ಸುರಂಗದಲ್ಲಿ ಬರುತ್ತಿತ್ತು. ಕಾಕ್ ಅಬ್ಬಿಯಲ್ಲಿ ತೋಟದವರು ಓಡಾಡಲೂ ಸುರಂಗ. ಕಾರ್ನ್‌ವಾಲಿನ ಲ್ಯಾನ್‌ಹೈಡ್ರಕ್ 1881ರಲ್ಲಿ ಸುಟ್ಟುಹೋದ ಮೇಲೆ ಮತ್ತೆ ಕಟ್ಟಿದಾಗ ಗಂಡಾಳಿಗೊಂದು ಮೆಟ್ಟಿಲು, ಹೆಣ್ಣಾಳಿಗೊಂದು ಮೆಟ್ಟಿಲು ಇಟ್ಟರು. ನಿಮ್ಮ ಗಂಟೆ ಹಲಗೆಯ ಮುಂದೆ ನಿಂತು ಈ ಬದಲಾವಣೆ ಹೇಳಿದರೆ ಜನ ಆ ಗಂಟೆಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ನಾನು ಎಷ್ಟೋ ಸಲ ಕಂಡಿದ್ದೇನೆ.

ಕೆಳಮಹಡಿಯಲ್ಲಿ ಎಲ್ಲರೂ ಒಂದೇ ಅಂದುಕೊಳ್ಳಬೇಡಿ. ಅಲ್ಲಿಯ ಮೇಲು ಕೀಳು ಮೇಲ್ಮಹಡಿಗಿಂತ ಬಿಗಿ. ಮಾಂಸದ ಊಟ ಎಲ್ಲರೂ ಒಟ್ಟಿಗೆ ಮಾಡಿ, ಸಿಹಿ ಬರುವ ಹೊತ್ತಿಗೆ ಬಟ್ಲರ್, ಹೌಸ್‌ಕೀಪರ್, ಯಜಮಾನಿಯ ಸ್ವಂತ ಸೇವಕಿ ಲೇಡೀಸ್ ಮೇಡ್ ಎದ್ದು ಹೌಸ್‌ಕೀಪರ್ ಕೋಣೆಗೆ ಸಾಲಾಗಿ ಹೋಗುತ್ತಿದ್ದರು. ಮದುವೆಯಾಗದಿದ್ದರೂ ಹೌಸ್‌ಕೀಪರ್ ‘ಮಿಸೆಸ್’. ಅತಿಥಿಗಳ ಜೊತೆ ಬಂದ ಆಳನ್ನು ಅವರ ಯಜಮಾನರ ಹೆಸರಿನಿಂದಲೇ ಕರೆದು, ಯಜಮಾನರ ದರ್ಜೆಯ ಪ್ರಕಾರ ಕೂರಿಸುತ್ತಿದ್ದರು. ಹದಿನಾಲ್ಕರ ಹುಡುಗಿಗೆ ಲೇಡಿಯ ಮುಖ ನೋಡುವ ಸಂದರ್ಭವೇ ಕಡಿಮೆ. ಅವಳ ಬದುಕು ಸಿಹಿಯೋ ಕಹಿಯೋ ಮಾಡುತ್ತಿದ್ದದ್ದು ಅಡುಗೆಯವಳು. ಆ ಅಜ್ಜಿ ಮತ್ತೆ ಬಂದರೆ, ಅವರ ಅಮ್ಮ ಯಾರ ಬಗ್ಗೆ ಜಾಸ್ತಿ ಮಾತಾಡುತ್ತಿದ್ದರು ಅಂತ ಕೇಳಿ ನೋಡಿ.

ಅನ್ಯಾಯ ಆದರೆ ಏನು ದಾರಿ ಇತ್ತು? ಸಹಿಸಿಕೊಂಡು ಇರಬಹುದು, ಅದರ ಬೆಲೆ ನಿಮಗೆ ಗೊತ್ತೇ ಇದೆ. ನೋಟಿಸ್ ಕೊಟ್ಟು ಹೊರಡಬಹುದು, ಕ್ಯಾರೆಕ್ಟರ್ ಸಿಗುವ ಭರವಸೆ ಇಲ್ಲ. ಮದುವೆಯಾಗಬಹುದು, ಆದರೆ ಪ್ರಿಯಕರ ಇದ್ದಾನೆ ಅಂತ ಗೊತ್ತಾದರೆ ಅದಕ್ಕೇ ಕೆಲಸ ಹೋಗಬಹುದು. ಬಸಿರಾದರಂತೂ ಅವತ್ತೇ ಗಂಟುಮೂಟೆ. ಮಗುವಿನ ಅಪ್ಪ ಆ ಯಜಮಾನರ ಮಗನೇ ಆಗಿದ್ದರೂ ಅಷ್ಟೇ. 1834ರ ಬಡವರ ಕಾನೂನು ಅಂಥ ಮಗುವಿನ ಹೊರೆಯನ್ನು ತಾಯಿಯ ತಲೆಗೇ ಕಟ್ಟಿತು. ಎಷ್ಟೋ ಹುಡುಗಿಯರು ಸೇರಿದ್ದು ವರ್ಕ್‌ಹೌಸ್, ಅಂದರೆ ದಿಕ್ಕಿಲ್ಲದವರನ್ನು ದುಡಿಸಿ ಊಟ ಹಾಕುವ ಸರ್ಕಾರಿ ಆಶ್ರಯ.

ಅಪರೂಪಕ್ಕೆ ಕಥೆ ತಿರುಗಿದ್ದೂ ಇದೆ. ಸಸೆಕ್ಸಿನ ಅಪ್‌ಪಾರ್ಕ್ ಮನೆಯ ಸರ್ ಹ್ಯಾರಿ ಫೆದರ್‌ಸ್ಟನ್ 1825ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಹಾಲು ಬೆಣ್ಣೆಯ ಡೈರಿಯಲ್ಲಿ ಕೆಲಸ ಮಾಡುತ್ತಿದ್ದ ಮೇರಿ ಆನ್ ಬುಲಕ್‌ಳನ್ನು ಮದುವೆಯಾದ. ಅವಳಿಗೆ ಇಪ್ಪತ್ತರ ಆಸುಪಾಸು. ಅವನು ತೀರಿಕೊಂಡಾಗ ಮನೆ, ಜಮೀನು ಅವಳಿಗೇ ಬಂತು. ಇದನ್ನು ಹೇಳಿದರೆ ಎಲ್ಲರಿಗೂ ಖುಷಿ. ಮುಂದಿನದನ್ನೂ ಸೇರಿಸಿ ಹೇಳಿ. ಮೇರಿ ಆನ್ ನಂತರ ಮನೆ ಅವಳ ತಂಗಿಗೆ ಹೋಯಿತು. ಆ ತಂಗಿಯ ಹತ್ತಿರ ಸಾರಾ ವೆಲ್ಸ್ ಹೌಸ್‌ಕೀಪರ್ ಆಗಿದ್ದಳು. ಮುಂದೆ ದೊಡ್ಡ ಲೇಖಕರಾದ ಎಚ್. ಜಿ. ವೆಲ್ಸ್ ಅವರ ತಾಯಿ. 1880ರಿಂದ ಹದಿಮೂರು ವರ್ಷ ದುಡಿದಳು. ವಯಸ್ಸಾಗಿ ಕಿವಿ ಮಂದವಾದ ಹೊತ್ತಿಗೆ, 1893ರಲ್ಲಿ, ಕೆಲಸ ಹೋಯಿತು. ಡೈರಿ ಹುಡುಗಿಯ ತಂಗಿಯೇ ಯಜಮಾನಿಯಾಗಿದ್ದರೂ ಪದ್ಧತಿ ಬದಲಾಗಲಿಲ್ಲ. ನನಗೆ ಈ ಮನೆಯ ನೆನಪಾದಾಗೆಲ್ಲ ಹೊಟ್ಟೆ ತೊಳೆಸುತ್ತದೆ.

ಇನ್ನು ಟಿಪ್ಪುವಿನ ವಿಷಯ. ನೀವು ಕೇಳಿದ್ದು ನಿಜ. ವೇಲ್ಸ್‌ನ ಪೊವಿಸ್ ಕ್ಯಾಸಲ್‌ನಲ್ಲಿ ಟಿಪ್ಪುವಿನ ಡೇರೆ ಇದೆ, ಅವನ ಸಿಂಹಾಸನದ ಒಂದು ಚಿನ್ನದ ಹುಲಿ ತಲೆಯೂ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ಎಡ್ವರ್ಡ್ ಕ್ಲೈವ್, ರಾಬರ್ಟ್ ಕ್ಲೈವ್‌ನ ಮಗ. ಅವನ ಹೆಂಡತಿ ಹೆನ್ರಿಯೆಟಾ ಪೊವಿಸ್ ಮನೆತನದವಳು. ಮರುವರ್ಷ ಅವಳು ಹೆಣ್ಣುಮಕ್ಕಳನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೂ ಹೋಗಿ ಬಂದಳು. ಇಂಥ ಮನೆಗಳ ಹಣ ಬರೀ ಸುತ್ತಲ ಗದ್ದೆಯ ಗೇಣಿಯಿಂದ ಬಂದದ್ದಲ್ಲ. ಯಾರ್ಕ್‌ಶೈರಿನ ಹೇರ್‌ವುಡ್ ಮನೆ ಎದ್ದದ್ದು ಬಾರ್ಬಡೋಸಿನ ಗುಲಾಮರ ಕಬ್ಬಿನ ದುಡ್ಡಿನಿಂದ. ಇಂಥ ಹಳೆಯ ಮನೆಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ 2020ರಲ್ಲಿ ತನ್ನದೇ 93 ಆಸ್ತಿಗಳಿಗೆ ವಸಾಹತು ಮತ್ತು ಗುಲಾಮಗಿರಿಯ ನಂಟು ಇದೆ ಅಂತ ವರದಿ ಕೊಟ್ಟಿತು. ಅದಕ್ಕೆ ಬಿದ್ದ ಬೈಗುಳ ಕಡಿಮೆ ಏನಲ್ಲ.

ಹೇಳಬೇಕಾ ಅಂದರೆ, ನನ್ನ ಅಭಿಪ್ರಾಯ ಹೇಳಬೇಕು ಅಂತಲೇ. ಆದರೆ ನಿಮ್ಮ ಮನೆಗೆ ನಂಟಿದ್ದದ್ದನ್ನು ಮಾತ್ರ. ಪೊವಿಸ್‌ನ ಕಥೆಯನ್ನು ಸಂಬಂಧವಿಲ್ಲದ ಮನೆಯ ಅಡುಗೆಮನೆಯಲ್ಲಿ ನಿಂತು ಹೇಳಿದರೆ ಜನರಿಗೆ ನಿಮ್ಮ ಮೇಲೆ ಸಂಶಯ ಬರುತ್ತದೆ, ವಿಷಯ ಹಿಂದೆ ಸರಿಯುತ್ತದೆ. ಮಂಡ್ಯದವರು ಅಂತ ಗೊತ್ತಾಗಿ ಯಾರಾದರೂ ಕೇಳಿದರೆ ಧಾರಾಳವಾಗಿ ಹೇಳಿ. ಸಿಹಿ ಕಥೆ ಮಾತ್ರ ಹೇಳುವುದು ಸುಲಭ, ಯಾರೂ ದೂರು ಕೊಡುವುದಿಲ್ಲ. ಆದರೆ ಅಜ್ಜಿಯಂಥವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಬರೀ ಕಹಿ ಹೇಳಿದರೆ ಕೇಳುವವರು ಕಿವಿ ಮುಚ್ಚಿಕೊಳ್ಳುತ್ತಾರೆ, ಜೊತೆಗೆ ಆ ಹುಡುಗಿಯರ ಜಾಣತನ, ನಗು, ಸ್ನೇಹ ಎಲ್ಲ ಅಳಿಸಿಹೋಗುತ್ತದೆ. 1911ರಲ್ಲಿ ಇಂಗ್ಲೆಂಡ್, ವೇಲ್ಸ್ ಸೇರಿ 12 ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳು ಮನೆಗೆಲಸದಲ್ಲಿದ್ದರು. ಅವರಲ್ಲಿ ಹೆಚ್ಚಿನವರು ಒಬ್ಬಿಬ್ಬರೇ ಆಳಿರುವ ಸಣ್ಣ ಮನೆಗಳಲ್ಲಿ ಒಂಟಿಯಾಗಿ ದುಡಿಯುತ್ತಿದ್ದರು. ದೊಡ್ಡ ಮನೆಯ ಕೆಲಸಕ್ಕೆ ಹುಡುಗಿಯರು ಆಸೆಪಡುತ್ತಿದ್ದರು. ಹೊಟ್ಟೆ ತುಂಬ ಊಟ, ಓರಗೆಯವರ ಜೊತೆ ಇತ್ತಲ್ಲ.

ನಾನಾಗಿದ್ದರೆ ಒಬ್ಬರ ಹೆಸರು ಹಿಡಿದು ಹೊರಡುತ್ತೇನೆ. 1911ರ ಜನಗಣತಿಯ ಹಾಳೆ ಇವತ್ತು ಎಲ್ಲರಿಗೂ ನೋಡಲು ಸಿಗುತ್ತದೆ. ಮನೆಯ ಮುಖ್ಯಸ್ಥರೇ ತುಂಬಬೇಕಿದ್ದ ಹಾಳೆ ಅದು, ಎಷ್ಟೋ ಕಡೆ ಅವರದೇ ಕೈಬರಹ ಇರುತ್ತದೆ. ಮೇಲೆ ಯಜಮಾನ, ಹೆಂಡತಿ, ಮಕ್ಕಳು. ಕೆಳಗೆ ಆಳುಗಳ ಹೆಸರು, ವಯಸ್ಸು, ಹುಟ್ಟಿದ ಊರು. ಹತ್ತಿರದ ಹಳ್ಳಿಯ ಹುಡುಗಿಯರು ಕಡಿಮೆ ಇರುತ್ತಾರೆ, ಮನೆಯ ಸುದ್ದಿ ಊರಿಗೆ ಹೋಗಬಾರದು ಅಂತ ದೂರದವರನ್ನೇ ತರುತ್ತಿದ್ದರು. ನಿಮ್ಮ ಮನೆಯ ಮ್ಯಾನೇಜರ್ ಹತ್ತಿರ ಆ ಹಾಳೆಯ ಪ್ರತಿ ಕೇಳಿ. ಎಲ್ಲಕ್ಕಿಂತ ಕೆಳಗಿನ ಸಾಲುಗಳಲ್ಲಿ ಸಾಮಾನ್ಯವಾಗಿ ಸ್ಕಲರಿ ಮೇಡ್ ಇರುತ್ತಾಳೆ. ಅವಳು ಯಾವ ಊರಿಂದ ಬಂದಳು, ಆಗ ಎಷ್ಟು ವಯಸ್ಸು ಅಂತ ಓದಿಕೊಂಡು, ನಿಮ್ಮ ಪಾತ್ರೆ ತೊಳೆಯುವ ಕಲ್ಲಿನ ತೊಟ್ಟಿಯ ಪಕ್ಕ ನಿಂತು ಅವಳ ಹೆಸರಿನಿಂದ ಶುರು ಮಾಡಿ.